ಹಳೆಯ ಜೀಪು ಕೊಳ್ಳುವಾಗ ಮೊದಲು ಚಾಸಿ, ಆಮೇಲೆ ಎಂಜಿನ್

ಹವ್ಯಾಸಕ್ಕೆಂದು ಹಳೆಯ ಫೋರ್ ವೀಲ್ ಗಾಡಿ, ಅಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡಬಲ್ಲ ಗಾಡಿ, ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಬಾನೆಟ್ ಎತ್ತಿ ಎಂಜಿನ್ ನೋಡುತ್ತಾರೆ. ನನ್ನ ಮಟ್ಟಿಗೆ ಈ ಕ್ರಮವೇ ತಲೆಕೆಳಗು. ಎಂಜಿನ್ ಸವೆದಿದ್ದರೆ ಬಿಚ್ಚಿ ಬೋರ್ ಮಾಡಿಸಬಹುದು (ಸವೆದ ಸಿಲಿಂಡರನ್ನು ಕೊರೆಸಿ ಸರಿಪಡಿಸಬಹುದು), ಗೇರ್ ಬಾಕ್ಸ್ ಗುಜರಿಯಲ್ಲಾದರೂ ಸಿಕ್ಕೀತು. ಆದರೆ ತುಕ್ಕು ತಿಂದ ಚಾಸಿಯನ್ನೂ (ಗಾಡಿಯ ಭಾರವನ್ನೆಲ್ಲ ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟು) ಗೊಂದಲದ ಕಾಗದಪತ್ರಗಳನ್ನೂ ಎಂಥ ನುರಿತ ಮೆಕ್ಯಾನಿಕ್ಕೂ ನೆಟ್ಟಗೆ ಮಾಡಿಕೊಡಲಾರ.

ನಮ್ಮ ಕಡೆ ಇಂಥ ಹವ್ಯಾಸಕ್ಕೆ ಒದಗುವ ಗಾಡಿಗಳು ಮುಖ್ಯವಾಗಿ ಎರಡು. 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸುವುದರಿಂದ ಆರಂಭಿಸಿದ ಮಹೀಂದ್ರಾ ಕಂಪನಿಯ ಎಂಎಂ 540, ಎಂಎಂ 550, ಮೇಜರ್ ಮೊದಲಾದ ಡೀಸೆಲ್ ಜೀಪುಗಳು ಒಂದು ಬಗೆ. 1985ರಲ್ಲಿ 970 ಸಿಸಿ ಎಂಜಿನ್ನಿನೊಡನೆ ಬಂದು, 1996ರಲ್ಲಿ 1.3 ಲೀಟರ್ ಎಂಜಿನ್ನನ್ನೂ 2000ದಲ್ಲಿ ಎಂಪಿಎಫ್‌ಐ (ಕಾರ್ಬ್ಯುರೇಟರಿನ ಬದಲು ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಚಿಮ್ಮಿಸುವ) ವ್ಯವಸ್ಥೆಯನ್ನೂ ಪಡೆದ ಮಾರುತಿ ಜಿಪ್ಸಿ ಇನ್ನೊಂದು ಬಗೆ. ಬೆಂಗಳೂರಿನಲ್ಲಿದ್ದು ವಾರಾಂತ್ಯಕ್ಕೆ ಸಕಲೇಶಪುರದ ಕಡೆ ಹೋಗಿಬರುವವರಿಗೆ ಎಂಪಿಎಫ್‌ಐ ಜಿಪ್ಸಿ ಮೇಲು. ಹಗುರವಾದ್ದರಿಂದ ಅದು ಕೆಸರಿನಲ್ಲಿ ಸುಲಭವಾಗಿ ಹೂತುಕೊಳ್ಳುವುದಿಲ್ಲ, ಹೆದ್ದಾರಿಯಲ್ಲಿಯೂ ಸಹಿಸಿಕೊಳ್ಳುವಷ್ಟು ಓಡುತ್ತದೆ. ಚಿಕ್ಕಮಗಳೂರು, ಮಡಿಕೇರಿಯಂಥ ಊರುಗಳಲ್ಲಿ ಇರುವವರಿಗೆ ಡೀಸೆಲ್ ಜೀಪೇ ಸರಿ, ಏಕೆಂದರೆ ಅಲ್ಲಿ ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಇನ್ನೂ ಇವೆ. ಸುಖಪ್ರಯಾಣವನ್ನು ಮಾತ್ರ ಎರಡರಿಂದಲೂ ನಿರೀಕ್ಷಿಸಬಾರದು.

ಗಾಡಿ ನೋಡಲು ಹೋಗುವಾಗ ಟಾರ್ಚು, ಸಣ್ಣ ಸುತ್ತಿಗೆ, ಕೊಳೆಯಾದರೂ ಚಿಂತೆಯಿಲ್ಲದ ಬಟ್ಟೆ ಇರಲಿ. ಗಾಡಿಯ ಕೆಳಗೆ ಮಲಗಿ, ಲೀಫ್ ಸ್ಪ್ರಿಂಗಿನ (ಪಟ್ಟಿ ಸ್ಪ್ರಿಂಗಿನ) ತುದಿಯ ಕೊಂಡಿಗಳಾದ ಶಾಕಲ್‌ಗಳು ಚಾಸಿಗೆ ಸೇರುವ ಜಾಗ, ಹಿಂಬದಿಯ ಅಡ್ಡಪಟ್ಟಿ, ಬಾಡಿಯನ್ನು ಚಾಸಿಗೆ ಬಿಗಿದ ಬೋಲ್ಟುಗಳ ಸುತ್ತಮುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಬೇಕು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಮಂದವಾದ ಸದ್ದು ಬಂದರೆ ಒಳಗೆ ತುಕ್ಕು ಹಿಡಿದಿದೆ ಅಥವಾ ಮೇಲೆ ಪುಟ್ಟಿ ಮೆತ್ತಿದೆ ಎಂದು ತಿಳಿಯಬೇಕು. ಕಾಲ್ಚಾಪೆ ಎತ್ತಿ ನೆಲದ ತಗಡನ್ನೂ, ಜಿಪ್ಸಿಯಾದರೆ ಮುಂಗಾಜಿನ ಚೌಕಟ್ಟಿನ ಬುಡವನ್ನೂ ಬಿಡದೆ ನೋಡಬೇಕು. “ಎಸ್ಟೇಟ್ ಗಾಡಿ ಸಾರ್, ಪೇಟೆಗೇ ಇಳಿಸಿಲ್ಲ” ಎಂಬ ಮಾತು ಪ್ರತಿ ಮಾರಾಟಗಾರನ ಬಾಯಲ್ಲೂ ಇರುತ್ತದೆ. ಅದು ನಿಜವೇ ಆಗಿದ್ದರೂ ಹೊಗಳಿಕೆಯೆಂದು ತಿಳಿಯಬೇಕಿಲ್ಲ: ತೋಟದ ಜೀಪು ಮೀಟರಿನಲ್ಲಿ ಕಡಿಮೆ ಕಿಲೋಮೀಟರ್ ತೋರಿಸಿದರೂ ಗೊಬ್ಬರದ ಚೀಲ ಹೊತ್ತು ಲೋ ಗೇರಿನಲ್ಲಿಯೇ ದುಡಿದಿರುತ್ತದೆ, ಚೆಲ್ಲಿದ ಯೂರಿಯಾ ಮತ್ತು ಮಲೆನಾಡಿನ ಮಳೆ ಎರಡೂ ಸೇರಿ ಹಿಂಬದಿಯ ತಗಡನ್ನು ತಿಂದುಹಾಕಿರುತ್ತವೆ.

ಚಾಸಿಯ ಮೇಲೆ ಕೊರೆದ ಸಂಖ್ಯೆಯ ಮೇಲಿನ ಕೊಳೆಯನ್ನು ಒರೆಸಿ ಓದಿ, ಆರ್‌ಸಿಯೊಡನೆ (ನೋಂದಣಿ ಪತ್ರದೊಡನೆ) ಅಕ್ಷರ ಅಕ್ಷರ ಹೋಲಿಸಬೇಕು. ಎಂಜಿನ್ ಸಂಖ್ಯೆಗೂ ಇದೇ ಪರೀಕ್ಷೆ. ಹಳೆಯ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲಕ್ಕೆ ಸಾಮಾನ್ಯವಾಗಿತ್ತು, ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರದಿದ್ದರೆ ಮುಂದೆ ತೊಂದರೆ ತಪ್ಪದು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ ಅದನ್ನು ನವೀಕರಿಸಲಾಗಿದೆಯೇ ಎಂದು ನೋಡಬೇಕು. ಫಾರಂ 25 ಸಲ್ಲಿಸಿ, ಆರ್‌ಟಿಒ ಮುಂದೆ ಗಾಡಿ ತೋರಿಸಿ, ಪ್ರತಿ ಸಲ 5 ವರ್ಷಕ್ಕೆ ನವೀಕರಣ ಪಡೆಯಬೇಕಾಗುತ್ತದೆ. ದೆಹಲಿ ಸುತ್ತಮುತ್ತ ಡೀಸೆಲ್ ಗಾಡಿಗೆ 10, ಪೆಟ್ರೋಲ್ ಗಾಡಿಗೆ 15 ವರ್ಷಗಳ ಮಿತಿ ಬಂದ ಮೇಲೆ ಅಲ್ಲಿನ ಗಾಡಿಗಳು ಅಗ್ಗವಾಗಿ ದಕ್ಷಿಣಕ್ಕೆ ಬಂದಿವೆ. ಅಂಥದ್ದನ್ನು ಕೊಳ್ಳುವುದಾದರೆ ಮೂಲ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬಂದ ಹೊರತು ಮುಂಗಡ ಕೊಡಬಾರದು, ಕರ್ನಾಟಕದಲ್ಲಿ ಕಟ್ಟಬೇಕಾದ ಜೀವಾವಧಿ ತೆರಿಗೆಯನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು. ನೋಂದಣಿಯೇ ರದ್ದಾದ ಗಾಡಿಗೆ ಗುಜರಿಯ ಬೆಲೆಗಿಂತ ಹೆಚ್ಚಿಗೆ ಕೊಡುವುದು ವ್ಯರ್ಥ.

ಎಂಜಿನ್ ಪರೀಕ್ಷೆ ಸರಳ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಡದಂತೆ ಮೊದಲೇ ಹೇಳಿರಬೇಕು, ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದರಲ್ಲಿಯೇ ಅರ್ಧ ಉತ್ತರವಿದೆ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲ್ ಮುಚ್ಚಳದ ಒಳಬದಿ ಹಾಲಿನ ಕೆನೆಯಂತಿದ್ದರೆ ಆಯಿಲ್‌ಗೆ ನೀರು ಸೇರಿದೆ. ಆಮೇಲೆ ಫೋರ್ ವೀಲ್. ಮಹೀಂದ್ರಾ ಜೀಪುಗಳಲ್ಲಿ ಹಿಂಚಕ್ರ ಮಾತ್ರ ಎಳೆಯುವವೂ ಬಹಳ ಇರುವುದರಿಂದ ಮುಂದಿನ ಹೌಸಿಂಗಿನಲ್ಲಿ (ಆಕ್ಸಲಿನ ಹೊರಕವಚದಲ್ಲಿ) ಡಿಫರೆನ್ಷಿಯಲ್ಲಿನ, ಅಂದರೆ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ, ಗುಂಡು ಭಾಗವಿದೆಯೇ ಎಂದು ಕಣ್ಣಾರೆ ನೋಡಿ, ಮಣ್ಣಿನ ನೆಲದಲ್ಲಿ ಹಬ್ ಲಾಕ್ ಮಾಡಿ (ಮುಂಚಕ್ರಗಳನ್ನು ಆಕ್ಸಲಿಗೆ ಬೆಸೆದು) ಫೋರ್ ವೀಲಿನ ಹೈ, ಲೋ ಗೇರು ಎರಡರಲ್ಲೂ ಓಡಿಸಬೇಕು. ಓಡುವಾಗ ಫೋರ್ ವೀಲ್ ಲಿವರ್ ತಾನಾಗಿ ಹಿಂದಕ್ಕೆ ಜಿಗಿದರೆ ಬೆಲೆ ಇಳಿಸಿ ಕೇಳಲು ಅದು ನ್ಯಾಯವಾದ ಕಾರಣ. ಗುಂಡಿ ದಾಟಿದೊಡನೆ ಸ್ಟೇರಿಂಗ್ ಗಡಗಡ ನಡುಗಿದರೆ ಕಿಂಗ್ ಪಿನ್ ಬೇರಿಂಗು, ಟೈ ರಾಡ್ ಎಂಡು ಅಥವಾ ಶಾಕಲ್ ಬುಷ್ ಸವೆದಿರುತ್ತದೆ.

ಕೊಂಡ ಮರುದಿನವೇ ಎಂಜಿನ್ನು, ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ಎರಡೂ ಡಿಫರೆನ್ಷಿಯಲ್‌ಗಳ ಆಯಿಲ್, ಕೂಲೆಂಟು ಮತ್ತು ಬ್ರೇಕ್ ಆಯಿಲ್ ಎಲ್ಲವನ್ನೂ ಬದಲಿಸಬೇಕು. ಜಿಪ್ಸಿಯ ಟೈಮಿಂಗ್ ಬೆಲ್ಟನ್ನು ಹಿಂದಿನ ಮಾಲೀಕ ಬದಲಿಸಿದ್ದೇನೆಂದರೂ ನಂಬದೆ ಹೊಸದು ಹಾಕಿಸುವುದು ಕ್ಷೇಮ. ಗ್ರೀಸ್ ಗನ್ ಒಂದನ್ನು ಮನೆಯಲ್ಲಿಯೇ ಇಟ್ಟುಕೊಂಡು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಿಗೂ ನಿಪ್ಪಲ್ ಇರುವ ಶಾಕಲ್‌ಗಳಿಗೂ ಸ್ವತಃ ಗ್ರೀಸ್ ಹೊಡೆಯುವುದನ್ನು ಕಲಿತರೆ ಗಾಡಿಯ ಮೈ ಪರಿಚಯವೂ ಆಗುತ್ತದೆ. ಹೊಳೆ ದಾಟಿಸಿದ ಮೇಲೆ ಡಿಫರೆನ್ಷಿಯಲ್ ಆಯಿಲನ್ನು ಪರೀಕ್ಷಿಸಲೇಬೇಕು. ಬಿಸಿಯಾದ ಹೌಸಿಂಗ್ ನೀರಿಗಿಳಿದು ಥಟ್ಟನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರಿನ (ಗಾಳಿಯಾಡುವ ರಂಧ್ರದ) ಮೂಲಕವೋ ಸೀಲಿನ ಮೂಲಕವೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬಿಳಿಚಿದ ಆಯಿಲನ್ನು ಹಾಗೆಯೇ ಬಿಟ್ಟರೆ ಒಳಗಿನ ಕ್ರೌನ್ ಮತ್ತು ಪಿನಿಯನ್ ಗೇರುಗಳು ಹಾಳಾಗುತ್ತವೆ. ಬ್ರೀದರಿಗೆ ರಬ್ಬರ್ ನಳಿಗೆ ಸಿಕ್ಕಿಸಿ ಎತ್ತರಕ್ಕೆ ಒಯ್ದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಹಿಂದಿನ ಬ್ರೇಕ್ ಡ್ರಮ್ಮುಗಳೊಳಗೆ ಸೇರಿದ ಕೆಸರನ್ನೂ ಬಿಚ್ಚಿ ತೊಳೆಯಬೇಕು.

ಈ ಗಾಡಿಗಳ ಮುಂದಿನ ಮತ್ತು ಹಿಂದಿನ ಆಕ್ಸಲುಗಳಿಗೆ ಒಂದೊಂದು ಡಿಫರೆನ್ಷಿಯಲ್ ಇದ್ದರೂ ಅವೆರಡರ ನಡುವೆ ಮೂರನೆಯದೊಂದು ಇಲ್ಲದ ಕಾರಣ, ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ಓಡಿಸಿದರೆ ಟ್ರಾನ್ಸ್‌ಫರ್ ಕೇಸಿನ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಆದರೆ ಹವ್ಯಾಸದ ಗಾಡಿ ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು: ಬ್ಯಾಟರಿ ಸಾಯುತ್ತದೆ, ವೀಲ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ, ಸೀಲುಗಳು ಒಣಗಿ ಸೋರತೊಡಗುತ್ತವೆ. ಎಲ್ಲಿಗೂ ಹೋಗುವ ಕೆಲಸವಿಲ್ಲದಿದ್ದರೂ ಹದಿನೈದು ದಿನಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ, ಮಣ್ಣಿನ ದಾರಿ ಸಿಕ್ಕಲ್ಲಿ ಒಂದಷ್ಟು ಹೊತ್ತು ಫೋರ್ ವೀಲನ್ನೂ ಹಾಕಿ ತೆಗೆಯಬೇಕು.