ಕೆಚ್ಚಲು ಬಾವು ಮತ್ತು ನಮ್ಮತ್ತೆಯ ಸುಣ್ಣದ ಡಬ್ಬಿ

"ಲೋಳೆಸರ ಬಳುದ್ರೆ ಕೆಚ್ಲು ವಾಸಿಯಾಗಂಗಿದ್ರೆ ಡಾಕ್ಟ್ರು ಯಾಕ್ ಓದ್ತಿದ್ರು ಅತ್ಗೆ?" ಅಂತ ಮೈದುನ ನಗಾಡಿದ್ದ. ಈಗ ಎರಡು ವರ್ಷದಲ್ಲಿ ನಮ್ಮ ಮೂರು ಎಚ್‌ಎಫ್ ಸೀಮೆಹಸುಗಳಿಗೆ ಕೆಚ್ಚಲು ಬಾವಿಗೆ ಸೂಜಿ ಹಾಕಿಸಿರುವುದು ಒಂದೇ ಸಲ. ಅದಕ್ಕೇ ಬರೆಯುತ್ತಿದ್ದೇನೆ.

ಒಟ್ಟಿಗೆ ರುಬ್ಬಿ ಕೆಚ್ಚಲಿಗೆ ಬಳಿಯುವ ಮದ್ದಿನ ಅಳತೆ ಇಷ್ಟು: ಲೋಳೆಸರ ಕಾಲು ಕೆಜಿ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರು (ಎನ್‌ಡಿಡಿಬಿ) ಹೇಳುವುದೂ ಇದನ್ನೇ. ಮೊದಲ ಸಲ ಅಳತೆ ತಪ್ಪಿರಲಿಲ್ಲ, ಐದು ದಿನ ಬಳಿದೆ, ಆದರೂ ಹಿಂದಿನ ಎಡಮೊಲೆಯಲ್ಲಿ ಒಡೆದ ಹಾಲು ಬರುವುದು ನಿಲ್ಲಲಿಲ್ಲ. ಕೊನೆಗೆ ಡಾಕ್ಟರು, ಸೂಜಿ, ಮೊಲೆಯೊಳಕ್ಕೆ ಟ್ಯೂಬು, ಸುಮಾರು 2,500 ರೂಪಾಯಿ. ಔಷಧಿ ಹಾಕಿದ ಹಾಲು ಡೈರಿಗೆ ಹಾಕುವಂತಿಲ್ಲ. ದಿನಕ್ಕೆ 14 ಲೀಟರಿನಂತೆ ಒಂದು ವಾರದ ಹಾಲು ಚೆಲ್ಲಿದೆ. ಲೀಟರಿಗೆ ಆಗಿನ 30 ರೂಪಾಯಿ ಹಿಡಿದು ಲೆಕ್ಕ ನೀವೇ ಹಾಕಿ. ಇಷ್ಟಾಗಿಯೂ ಆ ಮೊಲೆ ಬತ್ತಿಹೋಯಿತು.

ತಪ್ಪು ಸಿಕ್ಕಿದ್ದು ನಾದಿನಿ ಮಗು ಎತ್ತಿಕೊಂಡು ಮನೆಗೆ ಬಂದ ದಿನ. ಆರತಿಗೆ ಅರಿಶಿನ, ಸುಣ್ಣ ಹಾಕಿ ಕಲಸಿದ ಓಕುಳಿ ಕೆಂಪಾಗಲೇ ಇಲ್ಲ, ಹಳದಿಯಾಗೇ ಕೂತಿತು. ಅತ್ತೆ ಎಲೆಅಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ಎತ್ತಿ ಉಗುರಲ್ಲಿ ಕೆರೆದರು. ಪುಡಿಪುಡಿಯಾಗಿ ಉದುರಿತು. "ಇದು ಸತ್ತೋದ ಸುಣ್ಣ ಕಣವ್ವ" ಅಂದರು. ಗಾಳಿಗೆ ಒಣಗಿ ಖಾರ ಕಳೆದುಕೊಂಡಿದ್ದ ಅದನ್ನೇ ನಾನು ಕೆಚ್ಚಲಿಗೂ ಬಳಿದಿದ್ದು! ಜತೆಗೆ ದಿನಕ್ಕೆ ಮೂರೇ ಸಲ ಬಳಿದದ್ದೂ ಸೇರಿರಬೇಕು.

ಈಗ ನೀರು ಆರದಂತೆ ಮುಚ್ಚಿಟ್ಟ ಸುಣ್ಣವೇ ಆಗಬೇಕು. ರುಬ್ಬಿದ್ದು ಇಟ್ಟಿಗೆ ಕೆಂಪಿಗೆ ತಿರುಗಲಿಲ್ಲವೋ, ಚೆಲ್ಲುತ್ತೇನೆ. ಮುಂಗಾರಿನಲ್ಲಿ ಇನ್ನೊಂದು ಹಸುವಿನ ಕೆಚ್ಚಲು ಕಲ್ಲಾದಾಗ ಪ್ರತಿ ಸಲವೂ ಹಾಲು ಹಿಂಡಿ ತೆಗೆದು, ತೊಳೆದು, ರುಬ್ಬಿದ್ದರಲ್ಲಿ ಒಂದು ಹಿಡಿಯನ್ನು ನೀರಿಗೆ ತೆಳ್ಳಗೆ ಕಲಸಿ ದಿನಕ್ಕೆ ಹತ್ತು ಸಲ ಬಳಿದೆ. ಎರಡು ನಿಂಬೆಹಣ್ಣು ಹೋಳು ಮಾಡಿ ತಿನ್ನಿಸಿದೆ. ಮೂರನೇ ದಿನಕ್ಕೆ ಗಡಸು ಇಳಿಯಿತು, ಆರನೇ ದಿನ ಹಾಲು ಡೈರಿಗೆ ಹೋಯಿತು. ಲೋಳೆಸರ ಬೇಲಿಯದು, ಉಳಿದದ್ದಕ್ಕೆ ದಿನಕ್ಕೆ 30 ರೂಪಾಯಿ ಆಗಿರಬಹುದು. ಗದ್ದೆ ಕೆಲಸ ಬಿಟ್ಟು ಕೊಟ್ಟಿಗೆಯಲ್ಲೇ ಕೂತ ನನ್ನ ಕೂಲಿ ಇದರಲ್ಲಿಲ್ಲ.

ಸೂಜಿ ಹಾಕಿಸಿದ ಆ ಮೊದಲ ಸಲ ಹಸುವಿಗೆ ಜ್ವರ ಬಂದು ಮೇವು ಬಿಟ್ಟಿತ್ತು. ಆಮೇಲೂ ಲೋಳೆಸರ ರುಬ್ಬುತ್ತಾ ಕೂತಿದ್ದರೆ ಹಸುವೇ ಇರುತ್ತಿರಲಿಲ್ಲ.

ಬೇವಿನೆಲೆಯ ದಂಟಿಗೆ ಬೆಣ್ಣೆ, ಅರಿಶಿನ ಸವರಿ, ಹಾಲು ಬಾರದೆ ಕಟ್ಟಿಕೊಂಡ ಮೊಲೆಗೆ ಇಳಿಸುವುದನ್ನೂ ಮಾಡಿನೋಡಿದೆ. ದಂಟು ಒಳಗೇ ಮುರಿದರೆ ಅನ್ನುವ ಭಯಕ್ಕೆ ಕೈ ನಡುಗಿ ಒದೆ ತಿಂದದ್ದಷ್ಟೇ ಬಂತು. ಬಳಿಯುವಾಗ ಒದೆಯದ ಹಾಗೆ ನಿಲ್ಲಿಸಿಕೊಳ್ಳುವುದಕ್ಕೆ ನನ್ನದೊಂದು ಉಪಾಯವಿದೆ. ಮೈದುನ ಮೊನ್ನೆ ಲೋಳೆಸರದ ಮರಿ ಕೀಳಲು ಬಂದವನು ಅದನ್ನೂ ಕೇಳಿದ. ಮರಿ ಮಾತ್ರ ಕೊಟ್ಟು ಕಳಿಸಿದೆ.