ಅಡುಗೆಮನೆಯಲ್ಲೇ ಪಿಷ್ಟ ಪರೀಕ್ಷೆ: ಕಡಂಬುಟ್ಟಿನಿಂದ ಕಾಫಿಪುಡಿಯವರೆಗೆ

ಕೊಡಗಿನ ಮಳೆಗಾಲದಲ್ಲಿ ಶಾಲೆಗೆ ರಜೆ ಸಿಕ್ಕಿ ಮಕ್ಕಳು ಮನೆಯಲ್ಲೇ ಉಳಿದ ದಿನ ಮಾಡಿಸಬಹುದಾದ ಪ್ರಯೋಗವಿದು. ಯಾವ ಆಹಾರದಲ್ಲಿ ಪಿಷ್ಟವಿದೆ ಎಂದು ತಿಳಿಯಲು ಮೆಡಿಕಲ್ ಅಂಗಡಿಯ ಟಿಂಚರ್ ಅಯೋಡಿನ್ ಒಂದು ಬಾಟಲಿ ಸಾಕು. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣವೂ ಆಗುತ್ತದೆ, ಮುಲಾಮು ಆಗದು.

ಸಣ್ಣ ಬಟ್ಟಲಲ್ಲಿ ಒಂದು ದೊಡ್ಡ ಚಮಚ ನೀರು ತೆಗೆದುಕೊಂಡು, ತಿಳಿ ಚಹಾದ ಬಣ್ಣ ಬರುವವರೆಗೆ ಅಯೋಡಿನ್ ಹನಿಹನಿಯಾಗಿ ಬೆರೆಸಿ. ಆಹಾರದ ತುಂಡುಗಳನ್ನು ಬಿಳಿ ಪಿಂಗಾಣಿ ತಟ್ಟೆಯಲ್ಲಿಡಿ. ಕಾಗದದ ಮೇಲೆ ಇಡಬೇಡಿ. ಬರೆಯುವ ಕಾಗದಕ್ಕೆ ಹಲವೊಮ್ಮೆ ಪಿಷ್ಟದ ಲೇಪ ಇರುವುದರಿಂದ ಕಾಗದವೇ ನೀಲಿಯಾಗಿ ಲೆಕ್ಕ ತಪ್ಪಿಸುತ್ತದೆ. ಪರೀಕ್ಷಿಸಿದ ತುಂಡನ್ನು ಯಾರೂ ತಿನ್ನಬಾರದು, ದನಕ್ಕೂ ನಾಯಿಗೂ ಹಾಕಬಾರದು. ಬಾಟಲಿ ದೊಡ್ಡವರ ಕೈಯಲ್ಲೇ ಇರಲಿ.

ಮೊದಲು ಖಾಲಿ ತಟ್ಟೆಗೆ ಒಂದು ಹನಿ, ಹೆಚ್ಚಿದ ಆಲೂಗೆಡ್ಡೆಗೆ ಒಂದು ಹನಿ. ತಟ್ಟೆಯಲ್ಲಿ ಕಂದು ಹಾಗೇ ಉಳಿದು, ಆಲೂಗೆಡ್ಡೆ ಕಡುನೀಲಿಯಾದರೆ ನಿಮ್ಮ ದ್ರಾವಣ ಸರಿಯಿದೆ. ಪಿಷ್ಟದಲ್ಲಿರುವ ಅಮೈಲೋಸ್ ಎಂಬ ಉದ್ದ ಸರಪಳಿ ಸುರುಳಿ ಸುತ್ತಿಕೊಂಡಿರುತ್ತದೆ. ಅಯೋಡಿನ್ ಆ ಸುರುಳಿಯೊಳಗೆ ಸೇರಿಕೊಂಡಾಗ ಈ ನೀಲಿ ಹುಟ್ಟುತ್ತದೆ. ಅಮೈಲೋಸ್ ತೀರಾ ಕಡಿಮೆಯಿರುವ ಅಂಟಕ್ಕಿಯಂಥವು ಕೆಂಪು ಮಿಶ್ರಿತ ಕಂದು ಬಣ್ಣ ತೋರಿಸುತ್ತವೆ, ಅದೂ ಪಿಷ್ಟವೇ.

ಈಗ ಮನೆಯ ತಿಂಡಿಗಳು. ಕಡಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ ಎಲ್ಲವೂ ಅಕ್ಕಿಯವೇ ಆದ್ದರಿಂದ ಗಾಢ ನೀಲಿ ಖಂಡಿತ. ಆದರೆ ಹಬೆಯಿಂದ ಇಳಿಸಿದ ಕೂಡಲೇ ಹನಿ ಹಾಕಬೇಡಿ. ಬಿಸಿಗೆ ಆ ಸುರುಳಿ ಸಡಿಲವಾಗಿ ಬಣ್ಣ ಮಾಯವಾಗುತ್ತದೆ. ಗಂಜಿತಿಳಿಗೆ ಅಯೋಡಿನ್ ಹಾಕಿ ಕಾಯಿಸಿದರೆ ನೀಲಿ ಹೋಗುವುದನ್ನೂ ಆರಿಸಿದರೆ ಮರಳಿ ಬರುವುದನ್ನೂ ಮಕ್ಕಳಿಗೆ ತೋರಿಸಬಹುದು. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ತರುವ ಗೆಣಸಿನಲ್ಲಿ ನೇರಳೆ ಬಣ್ಣದ್ದು ಸಿಕ್ಕರೆ, ಹನಿ ಹಾಕದ ಒಂದು ತುಂಡನ್ನು ಪಕ್ಕದಲ್ಲಿಟ್ಟು ಹೋಲಿಸಿ. ಮಸಾಲೆ ಹಾಕದ ಹಂದಿ ಮಾಂಸ, ಬೇಯಿಸಿದ ಮೊಟ್ಟೆಯ ಬಿಳಿ ಎರಡರಲ್ಲೂ ಕಂದು ಬಣ್ಣ ಕದಲುವುದಿಲ್ಲ.

ನನ್ನ ಮಟ್ಟಿಗೆ ನೋಡಲೇಬೇಕಾದ್ದು ಬಾಳೆ. ಒಂದೇ ಗೊನೆಯಿಂದ ಹಸಿಕಾಯಿ, ದೋರೆಗಾಯಿ, ಚೆನ್ನಾಗಿ ಕಳಿತ ಹಣ್ಣು ಎತ್ತಿಟ್ಟುಕೊಂಡು ಅಡ್ಡಕ್ಕೆ ಬಿಲ್ಲೆ ಕತ್ತರಿಸಿ, ಮೂರಕ್ಕೂ ಸಮನಾಗಿ ಹನಿ ಹಾಕಿ ಒಂದು ನಿಮಿಷ ಕಾಯಿರಿ. ಕಾಯಿ ಪೂರ್ತಿ ಕಪ್ಪಾಗುತ್ತದೆ, ದೋರೆಗಾಯಿ ತೇಪೆ ತೇಪೆಯಾಗುತ್ತದೆ, ಹಣ್ಣಿನಲ್ಲಿ ಬಣ್ಣ ಅಲ್ಪಸ್ವಲ್ಪ ಮಾತ್ರ. ಹಣ್ಣಾಗುವಾಗ ಪಿಷ್ಟ ಸಕ್ಕರೆಯಾಗುವುದು ಹೀಗೆ ಕಣ್ಣಿಗೇ ಕಾಣುತ್ತದೆ. ನೇಂದ್ರ ಬಾಳೆ ಹಣ್ಣಾದ ಮೇಲೂ ಸಾಕಷ್ಟು ಪಿಷ್ಟ ಉಳಿಸಿಕೊಳ್ಳುವುದರಿಂದ ಅದರ ಫಲಿತಾಂಶ ಬೇರೆ ಬರುತ್ತದೆ. ಸೇಬು ಬೆಳೆಗಾರರು ಕೊಯ್ಲಿನ ಕಾಲ ನಿರ್ಧರಿಸಲು ಇದೇ ಪರೀಕ್ಷೆ ಮಾಡುತ್ತಾರೆ.

ನಿಂಬೆ ಹಿಂಡಿದ ಚಿತ್ರಾನ್ನ ಮೊದಲ ಹನಿಗೆ ನೀಲಿಯಾಗದೇ ಇರಬಹುದು. ವಿಟಮಿನ್ ಸಿ ಅಯೋಡಿನ್‌ನ ಬಣ್ಣವನ್ನೇ ಕಳೆಯುತ್ತದೆ. ಇನ್ನೂ ಕೆಲವು ಹನಿ ಹಾಕಿ ನೋಡಿ. ಕೊಡಗಿನ ಕಿತ್ತಳೆ ರಸಕ್ಕೆ ಬಿಟ್ಟ ಹನಿಯ ಕಂದು ಕರಗಿಹೋಗುವುದೂ ಇದೇ ಕಾರಣಕ್ಕೆ.

ಹಾಲಿಗೆ ಪಿಷ್ಟ ಬೆರೆಸಿದ್ದಾರೆಂಬ ಅನುಮಾನವಿದ್ದರೆ 2-3 ಮಿಲಿ ಲೀಟರ್ ಹಾಲಿಗೆ 5 ಮಿಲಿ ಲೀಟರ್ ನೀರು ಸೇರಿಸಿ ಕುದಿಸಿ, ಪೂರ್ತಿ ಆರಿಸಿ, ನೀರು ಬೆರೆಸದ ಟಿಂಚರ್ 2-3 ಹನಿ ಹಾಕಿ. ನೀಲಿ ಬಂದರೆ ಪಿಷ್ಟವಿದೆ. ಬರದಿದ್ದರೆ ಪಿಷ್ಟವಿಲ್ಲ ಎಂದಷ್ಟೇ ಅರ್ಥ. ನೀರು ಬೆರೆಸಿದ್ದು ಇದರಿಂದ ತಿಳಿಯದು.

ಜೇನಿನ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಸಕ್ಕರೆ ಪಾಕಕ್ಕೂ ಅಯೋಡಿನ್ ನೀಲಿಯಾಗುವುದಿಲ್ಲ. ಹೀಗಾಗಿ ಬಣ್ಣ ಬದಲಾಗದ್ದನ್ನು ತೋರಿಸಿ ಯಾರಾದರೂ ಶುದ್ಧ ಜೇನು ಎಂದರೆ ನಂಬಬೇಡಿ. ಕಾಳುಮೆಣಸು, ಅರಿಸಿನಗಳ ಕಥೆ ಇದಕ್ಕೆ ತಿರುಗುಮುರುಗು. ಅವುಗಳಲ್ಲಿ ಹುಟ್ಟಿನಿಂದಲೇ ಪಿಷ್ಟವಿದೆ, ಆದ್ದರಿಂದ ನೀಲಿಯಾದ ಮಾತ್ರಕ್ಕೆ ಕಲಬೆರಕೆ ಎಂದು ಅಂಗಡಿಯವರನ್ನು ದೂರುವುದು ಅನ್ಯಾಯ.

ಕಾಫಿಪುಡಿಗೆ ಮನೆಯಲ್ಲಿ ಈ ಪರೀಕ್ಷೆ ಹೊಂದುವುದಿಲ್ಲ. ಪುಡಿಯ ಕಪ್ಪಿನಲ್ಲಿ ನೀಲಿ ಕಾಣದು. ಮೇಲಾಗಿ ಚಿಕೋರಿಯಲ್ಲಿರುವುದು ಹೆಚ್ಚಾಗಿ ಇನುಲಿನ್ ಎಂಬ, ಪಿಷ್ಟವಲ್ಲದ ಬೇರೊಂದು ಕಾರ್ಬೋಹೈಡ್ರೇಟ್, ಅದಕ್ಕೆ ಅಯೋಡಿನ್ ನೀಲಿ ಬಣ್ಣ ಕೊಡುವುದೇ ಇಲ್ಲ. ಚಿಕೋರಿ ಇದೆಯೇ ಎಂದು ನೋಡಲು ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ. ಫಿಲ್ಟರ್ ಕಾಫಿಪುಡಿ ತೇಲುತ್ತದೆ. ಚಿಕೋರಿ ಕಂದು ಗೆರೆ ಬಿಡುತ್ತಾ ತಳಕ್ಕಿಳಿಯುತ್ತದೆ.