ಕಾಲೇಜಿನ ಮೇಲ್ ಐಡಿ ಇದ್ದರೆ ಮನೆಯ ಕಂಪ್ಯೂಟರಿಗೂ ಮೈಕ್ರೋಸಾಫ್ಟ್ ಆಫೀಸ್

ನಾನು ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್‌ನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೊಸ ಲ್ಯಾಪ್‌ಟಾಪ್ ತಂದ ಮಕ್ಕಳು ನನ್ನ ಹತ್ತಿರ ಬಂದು ಕೇಳುವುದು ಒಂದೇ. "ಮೇಡಂ, ಇದಕ್ಕೆ ವರ್ಡ್ ಹಾಕಿಕೊಡ್ತೀರಾ?" ಎಷ್ಟೋ ಜನ ಅಷ್ಟರಲ್ಲಾಗಲೇ ಯಾರಿಂದಲೋ ಮೈಕ್ರೋಸಾಫ್ಟ್ ಆಫೀಸಿನ ಕ್ರ್ಯಾಕ್ ಮಾಡಿದ ಕಳ್ಳ ಪ್ರತಿ ಹಾಕಿಸಿಕೊಂಡು, ಜೊತೆಗೆ ವೈರಸ್ಸನ್ನೂ ಹೊತ್ತು ತಂದಿರುತ್ತಾರೆ. ಕಾಲೇಜಿನಿಂದಲೇ ಸಿಗುವ ಸವಲತ್ತು ಇರುವಾಗ ಹೀಗೆ ಮಾಡಿಕೊಳ್ಳುವುದು ನೋಡಿದರೆ ನನಗೆ ಬೇಜಾರಾಗುತ್ತದೆ.

ಮೊದಲು ಕಾಲೇಜು ನಿಮಗೆ ಕೊಟ್ಟ ಮೇಲ್ ವಿಳಾಸ ಹುಡುಕಿ. ಜಿಮೇಲ್ ನಡೆಯುವುದಿಲ್ಲ, ಕಾಲೇಜಿನ ಹೆಸರಲ್ಲೇ ಮುಗಿಯುವ ವಿಳಾಸ ಬೇಕು. ಅಡ್ಮಿಶನ್ ಆದಾಗ ಕೊಟ್ಟ ಪಾಸ್‌ವರ್ಡ್ ಮರೆತಿದ್ದರೆ ಐಟಿ ವಿಭಾಗಕ್ಕೆ ಹೋಗಿ ಹೊಸದು ಕೇಳಿ. ಆಮೇಲೆ ಬ್ರೌಸರ್‌ನಲ್ಲಿ ಆಫೀಸ್ ಡಾಟ್ ಕಾಮ್ ತೆರೆದು ಆ ವಿಳಾಸದಿಂದ ಸೈನ್ ಇನ್ ಆಗಿ.

ಇಲ್ಲಿ ಎರಡು ದಾರಿ ಕವಲೊಡೆಯುತ್ತವೆ. ಮೈಕ್ರೋಸಾಫ್ಟ್ ಶಿಕ್ಷಣ ಸಂಸ್ಥೆಗಳಿಗೆ ಎ1 ಅನ್ನುವ ಪ್ಲಾನನ್ನು ಉಚಿತವಾಗಿ ಕೊಡುತ್ತದೆ. ಅದರಲ್ಲಿ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಎಲ್ಲ ಬ್ರೌಸರ್‌ನಲ್ಲೇ ನಡೆಯುತ್ತವೆ, ಇಂಟರ್ನೆಟ್ ಬೇಕೇ ಬೇಕು. ಕಾಲೇಜು ದುಡ್ಡು ಕೊಟ್ಟು ಎ3 ಅಥವಾ ಎ5 ತೆಗೆದುಕೊಂಡಿದ್ದರೆ ಪೂರ್ತಿ ಆಫೀಸನ್ನೇ ನಿಮ್ಮ ಸ್ವಂತ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ನಿಮ್ಮದು ಯಾವುದು ಅಂತ ತಿಳಿಯಲು, ಮೂಲೆಯಲ್ಲಿರುವ ನಿಮ್ಮ ಚಿತ್ರ ಒತ್ತಿ, ವ್ಯೂ ಅಕೌಂಟ್‌ಗೆ ಹೋಗಿ ಇನ್‌ಸ್ಟಾಲ್ ಆಫೀಸ್ ಬಟನ್ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲಿಗೇ ಕೈಬಿಡಬೇಡಿ. ಕಾಲೇಜು ಲೈಸನ್ಸ್ ಕೊಂಡಿದ್ದರೂ ನಿಮ್ಮ ಹೆಸರಿಗೆ ಅದನ್ನು ಸೇರಿಸದೇ ಇರಬಹುದು. ಐಟಿಯವರಿಗೆ ಒಂದು ಮೇಲ್ ಹಾಕಿ ಕೇಳಿ.

ಸಿಕ್ಕರೆ ಐದು ಕಂಪ್ಯೂಟರ್, ಐದು ಟ್ಯಾಬ್ಲೆಟ್, ಐದು ಫೋನ್‌ಗಳಲ್ಲಿ ಹಾಕಿಕೊಳ್ಳಬಹುದು. ಎಲ್ಲವೂ ನಿಮ್ಮವೇ ಆಗಿರಬೇಕು. ಅಣ್ಣನಿಗೊಂದು, ಗೆಳತಿಗೊಂದು ಅಂತ ಪಾಸ್‌ವರ್ಡ್ ಹಂಚಬೇಡಿ. ಆ ಪಾಸ್‌ವರ್ಡ್ ಸಿಕ್ಕವರಿಗೆ ನಿಮ್ಮ ಮೇಲ್, ಫೈಲ್ ಎಲ್ಲವೂ ಸಿಗುತ್ತವೆ. ಇಳಿಸುವ ಮೊದಲು ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಫೀಸನ್ನು ತೆಗೆದುಹಾಕಿ ಒಮ್ಮೆ ರೀಸ್ಟಾರ್ಟ್ ಮಾಡಿ. ಎರಡೂ ಒಟ್ಟಿಗಿದ್ದರೆ "ಲೈಸನ್ಸ್ ಇಲ್ಲ" ಅನ್ನುವ ಪಟ್ಟಿ ಕಾಡುತ್ತಲೇ ಇರಬಹುದು. ಮ್ಯಾಕ್‌ನಲ್ಲಿ ಆಕ್ಸೆಸ್ ಅನ್ನುವ ಡೇಟಾಬೇಸ್ ಆ್ಯಪ್ ಸಿಗುವುದಿಲ್ಲ, ಡೇಟಾಬೇಸ್ ಪಾಠ ಇರುವವರು ಇದನ್ನು ಮೊದಲೇ ತಿಳಿದಿರಲಿ.

ಇನ್‌ಸ್ಟಾಲ್ ಆಗಿ ಮೊದಲ ಸಲ ವರ್ಡ್ ತೆರೆದು ಸೈನ್ ಇನ್ ಮಾಡಿದಾಗ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತದೆ. ನಿಮ್ಮ ಸಾಧನವನ್ನು ಸಂಸ್ಥೆ ನಿರ್ವಹಿಸಲು ಬಿಡುತ್ತೀರಾ ಅಂತ. ಅಲ್ಲಿ ಟಿಕ್ ಮೊದಲೇ ಬಿದ್ದಿರಬಹುದು. ಎಲ್ಲರೂ ಓದದೆ ಓಕೆ ಒತ್ತುತ್ತಾರೆ. ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ. ಟಿಕ್ ತೆಗೆದು, ಈ ಆ್ಯಪ್‌ಗೆ ಮಾತ್ರ ಸೈನ್ ಇನ್ ಅನ್ನುವುದನ್ನು ಆರಿಸಿ. ಹಾಗೆ ಮಾಡದಿದ್ದರೆ ನಿಮ್ಮ ಸ್ವಂತ ಲ್ಯಾಪ್‌ಟಾಪ್ ಕಾಲೇಜಿನ ನಿಯಮಗಳ ಕೆಳಗೆ ಬಂದುಬಿಡಬಹುದು.

ಇನ್ನು ನಾನು ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಹೇಳುವ ವಿಷಯ. ಈ ಆಫೀಸ್, ಅದರ ಜೊತೆ ಬರುವ ಒನ್‌ಡ್ರೈವ್ ಅನ್ನುವ ಆನ್‌ಲೈನ್ ಜಾಗ, ಎರಡೂ ಕಾಲೇಜಿನ ಖಾತೆಗೆ ಸೇರಿದವು. ನೀವು ಓದು ಮುಗಿಸಿದ ಮೇಲೆ ಖಾತೆ ಹೋಗುತ್ತದೆ, ಅದರಲ್ಲಿದ್ದದ್ದೂ ಹೋಗುತ್ತದೆ. ನಾನು ಕೆಲಸದ ಜೊತೆಗೇ ಬೇರೊಂದು ಕಾಲೇಜಿನಲ್ಲಿ ಸಂಜೆ ತರಗತಿಗೆ ಹೋಗಿ ಎಂ.ಎ. ಮಾಡಿದೆ. ಆ ವರ್ಷಗಳಲ್ಲಿ ರಾತ್ರಿ ಅಮ್ಮನ ಪಕ್ಕ ಕೂತು ಅವರ ಬಾಲ್ಯದ ಕಥೆಗಳನ್ನು ಟೈಪ್ ಮಾಡುತ್ತಿದ್ದೆ. 62 ಪುಟ ಆಗಿತ್ತು. ಸೇವ್ ಒತ್ತಿದರೆ ಅದು ತಾನಾಗಿ ಕಾಲೇಜಿನ ಒನ್‌ಡ್ರೈವ್‌ಗೆ ಹೋಗುತ್ತಿದೆ ಅನ್ನುವುದನ್ನು ಗಮನಿಸಲೇ ಇಲ್ಲ. ರಿಸಲ್ಟ್ ಬಂತು, ಅಮ್ಮನಿಗೆ ಹುಷಾರು ತಪ್ಪಿತು, ನಾಲ್ಕು ತಿಂಗಳು ನಾನು ಆ ಕಡೆ ನೋಡಲಿಲ್ಲ. ತೆರೆಯಲು ಹೋದಾಗ ಖಾತೆಯೇ ಇರಲಿಲ್ಲ. ಮೊದಲೇ ತಿಳಿಸುವ ಒಂದು ಮೇಲೂ ಬಂದಿರಲಿಲ್ಲ. ಅಳಿಸಿದ ಖಾತೆಯನ್ನು 30 ದಿನದ ಒಳಗಾದರೆ ಐಟಿಯವರು ವಾಪಸ್ ತರಬಹುದು. ನಾನು ಹೋದಾಗ ಆ ಗಡುವು ಎಂದೋ ದಾಟಿತ್ತು. ಅಮ್ಮನಿಗೆ ಓದಲು ಅಂತ ಪ್ರಿಂಟ್ ತೆಗೆದಿದ್ದ 40 ಪುಟ ಮಾತ್ರ ಈಗ ನನ್ನ ಹತ್ತಿರ ಇವೆ.

ಅದಕ್ಕೇ ಇನ್‌ಸ್ಟಾಲ್ ಮಾಡಿದ ದಿನವೇ ಈ ಕೆಲಸ ಮಾಡಿ. ವರ್ಡ್‌ನಲ್ಲಿ ಫೈಲ್, ಆಪ್ಶನ್ಸ್, ಸೇವ್ ಅನ್ನುವಲ್ಲಿಗೆ ಹೋಗಿ, ಕಂಪ್ಯೂಟರ್‌ನಲ್ಲೇ ಸೇವ್ ಆಗಲಿ ಅನ್ನುವುದಕ್ಕೆ ಟಿಕ್ ಹಾಕಿ. ಎಕ್ಸೆಲ್, ಪವರ್‌ಪಾಯಿಂಟ್‌ನಲ್ಲೂ ಇದೇ ಮಾಡಿ. ಪಾಠದ್ದು ಕಾಲೇಜಿನ ಒನ್‌ಡ್ರೈವ್‌ನಲ್ಲಿರಲಿ, ತೊಂದರೆಯಿಲ್ಲ. ಮನೆಯದು ಅಲ್ಲಿ ಬೇಡ. ಲ್ಯಾಪ್‌ಟಾಪೂ ಕೆಡಬಹುದು ಅಲ್ವಾ, ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇಡಿ.

ಪಾಠ ಮಾಡುವವರು, ಸಿಬ್ಬಂದಿ ಇನ್ನೊಂದು ದಾರಿಯನ್ನೂ ನೋಡಬಹುದು. ಹಿಂದೆ ಹೋಮ್ ಯೂಸ್ ಪ್ರೋಗ್ರಾಂ ಅನ್ನುತ್ತಿದ್ದದ್ದನ್ನು ಮೈಕ್ರೋಸಾಫ್ಟ್ ಈಗ ವರ್ಕ್‌ಪ್ಲೇಸ್ ಡಿಸ್ಕೌಂಟ್ ಅನ್ನುತ್ತದೆ. ಕೆಲಸದ ಮೇಲ್ ವಿಳಾಸ ಕೊಟ್ಟರೆ, ಸಂಸ್ಥೆ ಅರ್ಹವಾಗಿದ್ದರೆ ರಿಯಾಯಿತಿಯ ಲಿಂಕ್ ಬರುತ್ತದೆ. ಇದಕ್ಕೆ ನೀವೇ ದುಡ್ಡು ಕೊಡಬೇಕು, ಆದರೆ ಅದು ನಿಮ್ಮ ಸ್ವಂತ ಖಾತೆಗೆ ಸೇರುತ್ತದೆ. ಕಾಲೇಜಿನ ಖಾತೆ ಮುಚ್ಚಿದರೂ ಫೈಲ್‌ಗಳು ನಿಮ್ಮ ಬಳಿಯೇ ಉಳಿಯುತ್ತವೆ. ನನಗೆ ಇದೇ ಜಾಸ್ತಿ ಇಷ್ಟ.

ಎರಡೂ ಸಿಗದಿದ್ದರೆ ಸ್ವಂತ ಮೈಕ್ರೋಸಾಫ್ಟ್ ಖಾತೆಯಿಂದ ಬ್ರೌಸರ್ ವರ್ಡ್ ಉಚಿತ, ಜೊತೆಗೆ 5 ಜಿಬಿ ಜಾಗ. ಇಲ್ಲವೇ ಲಿಬ್ರೆಆಫೀಸ್ ಹಾಕಿಕೊಳ್ಳಿ. ಅದಕ್ಕೆ ಖಾತೆಯೂ ಬೇಡ, ದುಡ್ಡೂ ಬೇಡ. ವರ್ಡ್ ಫೈಲ್‌ಗಳೂ ತೆರೆಯುತ್ತವೆ, ಸಾಲುಗಳು ಸ್ವಲ್ಪ ಆಚೀಚೆ ಆಗಬಹುದು, ಆದ್ದರಿಂದ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ. ತೀರಾ ಕಡಿಮೆ ಬೆಲೆಗೆ ಸುಮ್ನೆ ಒಂದು ಕೀ, ಅಂದರೆ ಆಫೀಸ್ ಚಾಲೂ ಮಾಡುವ ಕೋಡ್, ಮಾರುವವರ ಹತ್ತಿರ ಮಾತ್ರ ಹೋಗಬೇಡಿ. ಬೇರೆ ಸಂಸ್ಥೆಗೆ ಕೊಟ್ಟ ಕೀಯನ್ನೇ ನಿಮಗೂ ಮಾರಿರಬಹುದು. ಅದು ಯಾವತ್ತು ನಿಲ್ಲುತ್ತದೋ ಹೇಳಲಾಗದು.

ಕೊನೆಯ ಸೆಮಿಸ್ಟರ್ ಶುರುವಾದಾಗ, ಪರೀಕ್ಷೆಯ ಗಡಿಬಿಡಿಗೆ ಮೊದಲೇ, ಒನ್‌ಡ್ರೈವ್‌ನ ಎಲ್ಲ ಫೋಲ್ಡರ್ ಇಳಿಸಿಕೊಳ್ಳಿ. ಟಿಪ್ಪಣಿ ಬರೆದಿಡುವ ಒನ್‌ನೋಟ್‌ನ ಪುಸ್ತಕಗಳನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಬೇಕು, ಫೋಲ್ಡರ್ ನಕಲು ಮಾಡಿದರೆ ಸಾಲದು. ಕಾಲೇಜಿನ ಮೇಲ್ ಕೊಟ್ಟು ಎಲ್ಲೆಲ್ಲಿ ಖಾತೆ ತೆರೆದಿದ್ದೀರೋ ಅಲ್ಲೆಲ್ಲ ನಿಮ್ಮ ಸ್ವಂತ ವಿಳಾಸ ಹಾಕಿ. ಲೈಸನ್ಸ್ ನಿಂತ ಮೇಲೆ ವರ್ಡ್ ಫೈಲ್ ತೆರೆಯುತ್ತದೆ, ಪ್ರಿಂಟೂ ಆಗುತ್ತದೆ, ತಿದ್ದಲು ಮಾತ್ರ ಬರುವುದಿಲ್ಲ. ಆಗ ವರ್ಡ್‌ನಿಂದ ಸೈನ್ ಔಟ್ ಆಗಿ. ವಿಂಡೋಸ್ ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಆಕ್ಸೆಸ್ ವರ್ಕ್ ಆರ್ ಸ್ಕೂಲ್ ತೆರೆದು, ಕಾಲೇಜಿನ ಹೆಸರು ಇನ್ನೂ ಅಲ್ಲಿದ್ದರೆ ಡಿಸ್ಕನೆಕ್ಟ್ ಒತ್ತಿ.